ಜಿಗಿಹುಳುವಿನ ಜೊಲ್ಲುಗ್ರಂಥಿ ಬಿಡಿಸಿದ ನನ್ನ ಅನುಭವ

ಭತ್ತದ ಕಂದು ಜಿಗಿಹುಳು ರಸ ಹೀರಿ ಗದ್ದೆಯನ್ನು ಸುಟ್ಟಂತೆ ಒಣಗಿಸುತ್ತದೆ ಎಂಬುದು ರೈತರಿಗೆಲ್ಲ ಗೊತ್ತು. ಹೀರುವ ಮೊದಲು ಅದು ಪೈರಿನೊಳಗೆ ಜೊಲ್ಲು ಸುರಿಸುತ್ತದೆ. ಒಂದು ಬಗೆಯ ಜೊಲ್ಲು ಹೆಪ್ಪುಗಟ್ಟಿ ಸೂಜಿಯಂಥ ಬಾಯಿಯ ಸುತ್ತ ಕೊಳವೆಯಾದರೆ, ನೀರಿನಂತಿರುವ ಇನ್ನೊಂದರಲ್ಲಿ ಸಸ್ಯಕೋಶದ ಗೋಡೆಯನ್ನು ಸಡಿಲಿಸುವ ಕಿಣ್ವಗಳಿರುತ್ತವೆ. ಆ ಕೊಳವೆಗೆ ಬೇಕಾದ ಪ್ರೋಟೀನಿನ ವಂಶವಾಹಿಯನ್ನು ಅಡಗಿಸಿ, ಅಂದರೆ ಅದು ಕೆಲಸ ಮಾಡದಂತೆ ತಡೆದು, ನೋಡುವುದು ಬೆಂಗಳೂರಿನ ಪ್ರಯೋಗಾಲಯವೊಂದರಲ್ಲಿ ನನ್ನ ಪಾಲಿಗೆ ಬಂದ ಕೆಲಸವಾಗಿತ್ತು.

ಮಂಡ್ಯ ಕಡೆಯ ಗದ್ದೆಯಿಂದ ತಂದ ಹುಳುಗಳನ್ನು ನಿರೋಧಶಕ್ತಿಯಿಲ್ಲದ ಟಿಎನ್1 ತಳಿಯ ಪೈರಿನ ಮೇಲೆ ಸಾಕಿದೆ. ಡಿಸೆಂಬರಿನ ಚಳಿಗೆ ಅವು ಮಂಕಾದ್ದರಿಂದ ಕೋಣೆಯನ್ನು 27 ಡಿಗ್ರಿಯಲ್ಲಿ ಇಡಬೇಕಾಯಿತು.

ಆ ವಂಶವಾಹಿ ಜೊಲ್ಲುಗ್ರಂಥಿಯಲ್ಲಿ ಮಾತ್ರ ದುಡಿಯುತ್ತದೆಯೇ ಎಂದು ಮೊದಲು ನೋಡಬೇಕಿತ್ತು. ಕಷ್ಟವಿದ್ದದ್ದು ಆ ಗ್ರಂಥಿಯನ್ನು ಬಿಡಿಸುವುದರಲ್ಲಿ. ಮೂರು ಮಿಲಿಮೀಟರಿನಷ್ಟೇ ಇರುವ ಹುಳುವನ್ನು ತಣ್ಣನೆಯ ಉಪ್ಪಿನ ದ್ರಾವಣದ ಹನಿಯಲ್ಲಿಟ್ಟು, ಸೂಕ್ಷ್ಮದರ್ಶಕದಡಿ ತಲೆಯನ್ನು ಇಕ್ಕಳದಿಂದ ಮೆಲ್ಲನೆ ಎಳೆದರೆ, ಅದರ ಹಿಂದೆಯೇ ಗ್ರಂಥಿಯ ಜೋಡಿ ಅರೆಪಾರದರ್ಶಕ ಗೊಂಚಲಿನಂತೆ ಜಾರಿ ಬರುತ್ತದೆ. ಮೊದಲ ವಾರ ನಾನು ಹುಳುವಿನ ಹೊಟ್ಟೆಯನ್ನು ಹಿಡಿದು ಎಳೆಯುತ್ತಿದ್ದೆ. ಹೊಟ್ಟೆ ಒಡೆದು ಅದರ ಕೊಬ್ಬೆಲ್ಲ ಹನಿಯಲ್ಲಿ ಚದುರುತ್ತಿತ್ತು. ತೊಳೆದರೆ ಸಾಕೆಂದುಕೊಂಡದ್ದು ತಪ್ಪಾಯಿತು. ಈ ಹುಳುವಿನ ಕೊಬ್ಬಿನ ಕೋಶಗಳಲ್ಲಿ ಯೀಸ್ಟಿನಂಥ ಸಹಜೀವಿ ಶಿಲೀಂಧ್ರಗಳು ವಾಸಿಸುತ್ತವೆ. ನಾನು ಬಿಡಿಸಿದ ಗ್ರಂಥಿಯ ಆರ್‌ಎನ್‌ಎಯನ್ನು (ದುಡಿಯುತ್ತಿರುವ ವಂಶವಾಹಿಯ ನಕಲು) ಪಿಸಿಆರ್ ಪರೀಕ್ಷೆಗೆ, ಅಂದರೆ ವಂಶವಾಹಿಯ ತುಣುಕನ್ನು ಹಲವು ಪಟ್ಟು ಹೆಚ್ಚಿಸಿ ಗುರುತಿಸುವ ಪರೀಕ್ಷೆಗೆ, ಹಾಕಿದಾಗ ಶಿಲೀಂಧ್ರದ ಗುರುತೇ ಎದ್ದು ಬಂತು. ಅಂದಿನಿಂದ ಎದೆಭಾಗವನ್ನು ಹಿಡಿದೇ ಎಳೆದೆ, ಆ ಶಿಲೀಂಧ್ರದ ಪರೀಕ್ಷೆಯನ್ನು ಪ್ರತಿ ಮಾದರಿಗೂ ಕಡ್ಡಾಯ ಮಾಡಿಕೊಂಡೆ. ಗ್ರಂಥಿಯಲ್ಲಿ ಮಾತ್ರ ದುಡಿಯುವ ವಂಶವಾಹಿ ಯಾವುದೆಂದು ಹೇಳಹೊರಟವರು ಮೊದಲು ಮಾದರಿಯಲ್ಲಿ ಗ್ರಂಥಿಯೊಂದೇ ಇದೆಯೆಂದು ತೋರಿಸಬೇಕೆಂಬುದು ನನ್ನ ಹಟ.

ಬಳಿಕ ಅಪ್ಸರೆ ಹುಳುಗಳ (ಇನ್ನೂ ಪೂರ್ತಿ ಬೆಳೆಯದ ಮರಿಗಳು) ಎದೆಗೆ ಗಾಜಿನ ಸೂಜಿಯಿಂದ, ಆ ವಂಶವಾಹಿಯನ್ನು ಅಡಗಿಸುವ ಜೋಡಿ ಎಳೆಯ ಆರ್‌ಎನ್‌ಎ ಚುಚ್ಚಿದೆ. ಹೋಲಿಕೆಗೆಂದು ಇನ್ನೊಂದು ಗುಂಪಿಗೆ ಹುಳುವಿನಲ್ಲಿ ಇಲ್ಲದ ಜಿಎಫ್‌ಪಿ (ಹಸಿರಾಗಿ ಹೊಳೆಯುವ ಪ್ರೋಟೀನು) ವಂಶವಾಹಿಯ ಆರ್‌ಎನ್‌ಎಯನ್ನು ಚುಚ್ಚಿದೆ. ಸೂಜಿಯ ಗಾಯದಿಂದಲೇ ಕೆಲವು ಸಾಯುವುದರಿಂದ ಮೊದಲ ದಿನದ ಸಾವುಗಳನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

ಉಳಿದವುಗಳಿಗೆ, ಹಿಗ್ಗಿಸಿದ ಎರಡು ಪ್ಯಾರಾಫಿಲ್ಮ್ (ಮೇಣದಂಥ ತೆಳು ಹಾಳೆ) ಪದರಗಳ ನಡುವೆ ಸಕ್ಕರೆ ದ್ರಾವಣವಿಟ್ಟು ಕುಡಿಸಿದೆ. ಮರುದಿನ ಪದರ ಬಿಡಿಸಿ ನೋಡಿದಾಗ, ಜಿಎಫ್‌ಪಿ ಗುಂಪಿನವು ಚುಚ್ಚಿದಲ್ಲೆಲ್ಲ ಹವಳದ ಕವಲಿನಂತೆ ಉದ್ದನೆಯ ಕೊಳವೆಗಳು ಅಂಟಿಕೊಂಡಿದ್ದವು. ವಂಶವಾಹಿಯನ್ನು ಅಡಗಿಸಿದ ಗುಂಪಿನ ಪದರದಲ್ಲಿ ಹೆಚ್ಚಿನ ಕಡೆ ಇದ್ದದ್ದು ಮೊಂಡು ಬುಡಗಳಷ್ಟೇ.