ಹಬ್ಬದ ದುಡ್ಡು ಸಂತೆಗೆ ಮೊದಲೇ ಕೈಸೇರಲಿ

ಕಾರವಾರದಲ್ಲಿ ಭಾನುವಾರ ಸಂತೆ. ಚೌತಿಗೆ ಮುಂಚಿನ ಸಂತೆ ಅಂದರೆ ಕಾಲಿಡಲೂ ಜಾಗ ಇರುವುದಿಲ್ಲ. ಮನೆಗೆಲಸಕ್ಕೆ ಬರುವ ಅಕ್ಕನಿಗೆ ಹಬ್ಬದ ದುಡ್ಡನ್ನು ನಾನು ಅದರ ಹಿಂದಿನ ದಿನ, ಶನಿವಾರವೇ ಕೊಟ್ಟುಬಿಡುತ್ತೇನೆ. ಚೌತಿಯ ದಿನ ಕೊಟ್ಟರೆ ಆ ದುಡ್ಡು ಚೌತಿಗೆ ಒದಗುವುದೇ ಇಲ್ಲ, ಅಲ್ವಾ?

ಬೋನಸ್ ಅಂದರೆ ದೀಪಾವಳಿಗೆ ಅನ್ನುವುದು ಕಂಪನಿ, ಅಂಗಡಿಗಳ ಲೆಕ್ಕ. ನಮ್ಮ ಕರಾವಳಿಯಲ್ಲಿ ಕೈ ಖಾಲಿಯಾಗುವುದು ಚೌತಿಗೆ. ಗಣಪತಿ ಮೂರ್ತಿ, ಅದರ ಮೇಲೆ ತೂಗುವ ಫಲಾವಳಿಗೆ ಕಟ್ಟುವ ಕಾಯಿ-ಹಣ್ಣು, ಮಕ್ಕಳ ಬಟ್ಟೆ, ಪಟಾಕಿ ಎಲ್ಲ ಒಟ್ಟಿಗೇ ಬರುತ್ತವೆ. "ನಿಮ್ಗೆ ಯಾವ ಹಬ್ಬಕ್ಕೆ ಬೇಕು?" ಅಂತ ಕೆಲಸಕ್ಕೆ ಸೇರಿದ ವರ್ಷವೇ ಕೇಳಿದ್ದೆ. "ಚೌತಿಗೇ ಕೊಡಿ ಅಕ್ಕಾ, ದೀಪಾವಳಿ ಹೆಂಗೋ ಆಗ್ತದೆ" ಅಂದರು. ಮೇಲಿನ ಮನೆಯಲ್ಲಿ ಕೆಲಸ ಮಾಡುವವರು ಕ್ರೈಸ್ತರು. ಅವರಿಗೆ ಡಿಸೆಂಬರ್ ಎರಡನೇ ವಾರ ಕೊಡಬೇಕು. ಹಬ್ಬ ಯಾರದ್ದೋ ಅವರ ಲೆಕ್ಕಕ್ಕೆ ಸರಿಯಾಗಿ ಕೊಡಬೇಕು ಅನ್ನುವುದು ನನ್ನ ಪದ್ಧತಿ.

ಎಷ್ಟು? ನಾನು ಒಂದು ತಿಂಗಳ ಸಂಬಳ ಕೊಡುತ್ತೇನೆ. ಬೋನಸ್ ಕಾನೂನು ಮನೆಗೆಲಸದವರನ್ನು ಮುಟ್ಟುವುದಿಲ್ಲ. ಆದರೆ ಕಾರ್ಖಾನೆಗಳಿಗೆ ಅದು ಹೇಳುವ ಕನಿಷ್ಠ ಬೋನಸ್ ಶೇ 8.33, ಅಂದರೆ ವರ್ಷಕ್ಕೆ ಹೆಚ್ಚುಕಮ್ಮಿ ಒಂದು ತಿಂಗಳ ಸಂಬಳ. ಮನೆಗೆ ಬೇರೆ ಲೆಕ್ಕ ಯಾಕೆ? ಪೂರ್ತಿ ಆಗದವರು ಅರ್ಧ ಕೊಡಲಿ, ಆದರೆ ನಗದಾಗಿಯೇ ಕೊಡಲಿ. ಸೀರೆಯ ಬಣ್ಣ ನಾವು ಆರಿಸುವುದಕ್ಕಿಂತ ಅವರೇ ಆರಿಸಲಿ. ಉಟ್ಟು ಬಿಟ್ಟ ಸೀರೆ, ಎರಡು ದಿನದ ಸಿಹಿ ಡಬ್ಬಿ ಇವನ್ನೆಲ್ಲ ಇನಾಮು ಅಂತ ದಯವಿಟ್ಟು ಕರೆಯಬೇಡಿ.

ಕವರಿನ ಮೇಲೆ ಅವರ ಹೆಸರು ಬರೆಯುತ್ತೇನೆ. ಒಳಗೆ ನೂರರ ನೋಟುಗಳೇ ಜಾಸ್ತಿ. ಸಂತೆಯಲ್ಲಿ ಒಂದು ಕಟ್ಟು ಸೊಪ್ಪಿಗೆ 500ರ ನೋಟು ಚಾಚಿದರೆ ಚಿಲ್ಲರೆ ಎಲ್ಲಿ ಸಿಗುತ್ತದೆ? ಆ ತಿಂಗಳ ಸಂಬಳದ ಕವರೇ ಬೇರೆ. ಎರಡನ್ನೂ ಒಂದರಲ್ಲೇ ಹಾಕಿದರೆ ಯಾವುದು ದುಡಿಮೆ, ಯಾವುದು ಖುಷಿ ಅಂತ ತಿಳಿಯುವುದಿಲ್ಲ.

ಗ್ಯಾಸ್ ತರುವವರ ವಿಷಯ ಬೇರೆ. ಪ್ರತಿ ಸಲ ಒಬ್ಬರೇ ಬರುವುದಿಲ್ಲ, ಹಬ್ಬಕ್ಕೆ ಕಾದರೆ ಹೊತ್ತವರಿಗೆ ಸಿಗದೇ ಹೋಗಬಹುದು. ಒಳಗಿನ ಗ್ಯಾಸೇ 14.2 ಕೆಜಿ, ಸಿಲಿಂಡರ್ ಸೇರಿ ಸುಮಾರು 30 ಕೆಜಿ. ಅದನ್ನು ಹೆಗಲ ಮೇಲೆ ಎರಡು ಮಹಡಿ ಹತ್ತಿಸುತ್ತಾರೆ. ಮನೆಗೆ ತಲುಪಿಸುವ ಖರ್ಚು ಬಿಲ್ಲಿನಲ್ಲೇ ಸೇರಿರುತ್ತದೆ, ನಿಜ. ಆದರೂ ಕೈಗೆ ಮೂವತ್ತು ರೂಪಾಯಿ, ಒಂದು ಲೋಟ ಮಜ್ಜಿಗೆ ಆಗಲೇ ಕೊಡುತ್ತೇನೆ. ಪೇಪರ್ ಹುಡುಗನಿಗೆ ಚೌತಿಗೆ ಇನ್ನೂರು. ಅಂಚೆಯಣ್ಣನಿಗೆ ದುಡ್ಡು ಕೊಡುವುದಿಲ್ಲ. ಉಡುಗೊರೆ ತಗೊಳ್ಳುವ ವಿಷಯದಲ್ಲಿ ಕೇಂದ್ರ ಸರ್ಕಾರಿ ನೌಕರರಿಗೆ 1964ರ ನಡತೆ ನಿಯಮಗಳ ಕಡಿವಾಣವಿದೆ, ಅವರನ್ನು ಪೇಚಿಗೆ ಸಿಕ್ಕಿಸುವುದು ಯಾಕೆ? ಚಕ್ಕುಲಿ, ಕರಜಿಕಾಯಿ ಕೊಟ್ಟರೆ ಖುಷಿಯಿಂದ ತಗೊಳ್ಳುತ್ತಾರೆ.

ನರಕ ಚತುರ್ದಶಿಯ ಬೆಳಿಗ್ಗೆ ಇಲ್ಲಿ ಮನೆಮನೆಯಲ್ಲೂ ಬಗೆಬಗೆಯ ಅವಲಕ್ಕಿ. ಕಸದ ಗಾಡಿಯವರು ಅವತ್ತೂ ಬಂದರೆ ಒಳಗೆ ಕರೆದು ಕೂರಿಸುತ್ತೇವೆ. ನಾವು ತಿನ್ನುವ ತಟ್ಟೆಯಲ್ಲೇ ಬೆಲ್ಲದ ಅವಲಕ್ಕಿ, ಮೊಸರು ಅವಲಕ್ಕಿ, ನಾವು ಕುಡಿಯುವ ಲೋಟದಲ್ಲೇ ಚಹಾ. ಗೇಟಿನ ಹೊರಗೆ ನಿಲ್ಲಿಸಿ, ಅವರಿಗೆಂದೇ ಎತ್ತಿಟ್ಟ ಲೋಟದಲ್ಲಿ ಚಹಾ ಕೊಟ್ಟು, ಮೇಲೆ 500 ರೂಪಾಯಿ ಇಟ್ಟರೆ ಅದು ಮರ್ಯಾದೆ ಅಲ್ಲ. ಇದನ್ನು ನಮ್ಮ ನೆಂಟರಿಗೂ ನೇರವಾಗಿಯೇ ಹೇಳಿದ್ದೇನೆ.

ಅಡ್ವಾನ್ಸ್ ಬಾಕಿ ಇದ್ದರೆ ಏನು ಮಾಡುವುದು ಅಂತ ಪಕ್ಕದ ಮನೆಯವರು ಕೇಳುತ್ತಿದ್ದರು. ಹಬ್ಬದ ದುಡ್ಡಿನಲ್ಲಿ ನಾನು ಒಂದು ರೂಪಾಯಿಯನ್ನೂ ಮುರಿದುಕೊಳ್ಳುವುದಿಲ್ಲ. ಹಬ್ಬ ಕಳೆದ ಮೇಲೆ, ಮುಂದಿನ ತಿಂಗಳಿಂದ, ಸಂಬಳದಲ್ಲಿ ಅವರು ಹೇಳಿದಷ್ಟು ಹಿಡಿಯುತ್ತೇನೆ.