ಊರಿನ ಬೆಂಕಿ ಆರಿಸಿದವರ ಇತಿಹಾಸ ಬರೆಯೋದು ಹೇಗೆ?

ಶಿರಸಿ ಕಡೆಯ ಹಳ್ಳಿಗಳಲ್ಲಿ ಬೆಂಕಿ ಬಿದ್ದರೆ ಮೊದಲು ಓಡಿ ಬರೋದು ಅಕ್ಕಪಕ್ಕದ ಮನೆಯವರು. ಅಗ್ನಿಶಾಮಕದ ಗಾಡಿ ಪೇಟೆಯಿಂದ ಬರಬೇಕಲ್ವಾ, ಅಷ್ಟರೊಳಗೆ ಊರವರೇ ಕೈ ಹಾಕಿರುತ್ತಾರೆ. ಇವರಿಗೆ ಸಂಘದ ಹೆಸರಿಲ್ಲ, ರಿಜಿಸ್ಟರಿಲ್ಲ. ನೆನಪಿರುವವರು ಇರುವಾಗಲೇ ಬರೆದಿಡಿ.

ಹಿರಿಯರ ಹತ್ತಿರ ಹೋಗಿ "ಯಾವ ಇಸವಿ?" ಅಂತ ಶುರು ಮಾಡಿದರೆ ಮಾತು ಅಲ್ಲೇ ನಿಲ್ಲುತ್ತದೆ. "ಬೆಟ್ಟಕ್ಕೆ ಬೆಂಕಿ ಬಿದ್ದಾಗ ಮೊದಲು ಕೂ ಹಾಕಿದ್ದು ಯಾರು? ನಿಮ್ಮ ಕೈಯಲ್ಲಿ ಏನಿತ್ತು?" ಅಂತ ಕೇಳಿ. ಆಗ ಹಸಿ ಸೊಪ್ಪಿನ ಟೊಂಗೆ ಮುರಿದು ಬಡಿದದ್ದು, ಬೆಂಕಿ ಮುಂದೆ ಹೋಗದಂತೆ ದರಕು (ಒಣಗಿ ಬಿದ್ದ ಎಲೆ) ಗುಡಿಸಿ ಬರೀ ನೆಲ ಕಾಣುವ ಹಾಗೆ ಗೆರೆ ಬಿಡಿಸಿದ್ದು, ಹೊಗೆಗೆ ಕಣ್ಣು ಬಿಡಲಾಗದೆ ಒದ್ದಾಡಿದ್ದು, ಎಲ್ಲ ಒಂದರ ಹಿಂದೆ ಒಂದು ಬರುತ್ತದೆ. ಹೆಂಗಸರನ್ನು ಬೇರೆ ಕೂತು ಮಾತಾಡಿಸಿ. ಯಾವ ಬಾವಿಯಿಂದ ಕೊಡ ದಾಟಿಸಿದರು ಅಂತ ಅವರನ್ನೇ ಕೇಳಬೇಕು.

ಆಗೋದಾದರೆ ಅವರ ಜೊತೆ ಸೊಪ್ಪಿನ ಬೆಟ್ಟಕ್ಕೇ ಹೋಗಿ. ಅಡಿಕೆ ತೋಟಕ್ಕೆ ಗೊಬ್ಬರದ ಸೊಪ್ಪು ಅಲ್ಲಿಂದಲೇ ಬರಬೇಕು, ಅದಕ್ಕೇ ಅದನ್ನು ಕಾಯಲು ಅಷ್ಟು ಜನ ಓಡಿದ್ದು. ಬುಡ ಒಂದೇ ಕಡೆ ಕರಕಲಾದ ಮರ ಸಿಕ್ಕರೆ ಫೋಟೋ ತೆಗೆದು, ಯಾವ ದಿಕ್ಕು ಅಂತ ಬರೆದುಕೊಳ್ಳಿ.

ಇಸವಿ ಆಮೇಲೆ ಹುಡುಕಬಹುದು. ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುತ್ತದೆ, ಅದೂ ಬೆಂಕಿ ಬೀಳುವ ಬೇಸಿಗೆ ಶುರುವಿನಲ್ಲೇ. "ಆ ವರ್ಷ ಜಾತ್ರೆ ಇತ್ತಾ?" ಅಂದರೆ ಸಾಕು, ಇರಬಹುದಾದ ಇಸವಿಗಳಲ್ಲಿ ಅರ್ಧದಷ್ಟು ಬಿಟ್ಟುಹೋಗುತ್ತವೆ. ಮನೆಗೆ ಸೋಗೆ (ಅಡಿಕೆ ಗರಿ) ತೆಗೆದು ಹಂಚು ಹಾಕಿಸಿದ್ದು ಯಾವಾಗ ಅಂತಲೂ ತಪ್ಪದೆ ಕೇಳಿ. ಸೋಗೆ ಮಾಡಿನ ಕಾಲದ ಬೆಂಕಿಯೇ ಬೇರೆ, ಒಂದು ಕಿಡಿ ಹಾರಿದರೆ ಪಕ್ಕದ ಮನೆಗೂ ಹಿಡಿಯುತ್ತಿತ್ತು.

ಕಾಗದಪತ್ರ ಕಡಿಮೆ ಸಿಗುತ್ತದೆ, ಆದರೂ ನೋಡಿ. 1993ರ ಸರ್ಕಾರಿ ಆದೇಶದ ನಂತರ ಗ್ರಾಮ ಅರಣ್ಯ ಸಮಿತಿಗಳು ಬಂದವು. ನಿಮ್ಮೂರಲ್ಲಿ ಇದ್ದರೆ ಅದರ ನಡಾವಳಿ ಪುಸ್ತಕ ಕೇಳಿ. ಉತ್ತರ ಕನ್ನಡ ಜಿಲ್ಲೆ 1862ರಿಂದ 1956ರವರೆಗೆ ಮುಂಬೈ ಆಡಳಿತದಲ್ಲಿತ್ತು, ಹಾಗಾಗಿ ಆ ಕಾಲದ ಕಡತ ಬೇಕಾದವರು ಮುಂಬೈ ಪತ್ರಾಗಾರದಲ್ಲೂ ಹುಡುಕಬೇಕು.

ಬೆಂಕಿ ಹಚ್ಚಿದ್ದು ಯಾರು ಅನ್ನೋ ಮಾತು ಬಂದೇ ಬರುತ್ತದೆ. ದಯವಿಟ್ಟು ಆ ಹೆಸರು ಬರೆಯಬೇಡಿ, ಊರಲ್ಲಿ ಸುಮ್ನೆ ಜಗಳ. ಆರಿಸಿದವರ ಹೆಸರು ಮಾತ್ರ ಒಂದೂ ಬಿಡಬೇಡಿ, ತೋಟದ ಕೂಲಿಗೆ ಬಂದವರನ್ನೂ ಸೇರಿಸಿ.

ಬರೆದದ್ದನ್ನು ಒಂದು ಸಂಜೆ ಊರವರ ಮುಂದೆ ಗಟ್ಟಿಯಾಗಿ ಓದಿ, ಅವರು ಹೇಳಿದಂತೆ ತಿದ್ದಿ. ಆಮೇಲೆ ಒಂದು ಪ್ರತಿ ಶಾಲೆಗೆ, ಇನ್ನೊಂದು ಪಂಚಾಯತಿ ಗ್ರಂಥಾಲಯಕ್ಕೆ ಕೊಡಿ.