ಮ್ಯಾಕ್ಯುಲಾ ಸವೆತಕ್ಕೆ ವಿಕಿರಣ: ಒಪ್ಪುವ ಮೊದಲು ಏನೇನು ನೋಡಿಕೊಳ್ಳಬೇಕು?

ಎದುರಿಗೆ ಬರುವ ಬಿಎಂಟಿಸಿ ಬಸ್ಸು ಪೂರ್ತಿ ಕಾಣುತ್ತದೆ, ನೋಡಬೇಕಾದ ನಂಬರು ಮಾತ್ರ ಮಸುಕು. ಬಾಗಿಲ ಚೌಕಟ್ಟು ನಟ್ಟನಡುವೆ ಡೊಂಕಾದಂತಿರುತ್ತದೆ. ಇದನ್ನು ಕಣ್ಣಿನ ಪೊರೆಯೆಂದುಕೊಂಡು ತಿಂಗಳುಗಟ್ಟಲೆ ಸುಮ್ಮನಿರುವ ಹಿರಿಯರಿದ್ದಾರೆ. ಅಕ್ಷಿಪಟಲದ (ರೆಟಿನಾ) ನಡುಭಾಗವಾದ ಮ್ಯಾಕ್ಯುಲಾ ಕೆಡುವ ಲಕ್ಷಣವೂ ಇದೇ.

ಮೊದಲ ಪರೀಕ್ಷೆ ಮನೆಯಲ್ಲೇ ಆಗಲಿ. ಮೊಮ್ಮಕ್ಕಳ ಗಣಿತದ ಚೌಕುಳಿ ಹಾಳೆಯ ನಡುವೆ ದಪ್ಪಗೆ ಒಂದು ಚುಕ್ಕೆಯಿಟ್ಟು, ಓದುವ ಕನ್ನಡಕ ಹಾಕಿಕೊಂಡು, ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿ ಇನ್ನೊಂದರಿಂದ ಆ ಚುಕ್ಕೆಯನ್ನೇ ನೋಡಬೇಕು. ಎರಡೂ ಕಣ್ಣು ತೆರೆದು ನೋಡಿದರೆ ಪ್ರಯೋಜನವಿಲ್ಲ. ಒಂದರ ಕೊರತೆಯನ್ನು ಇನ್ನೊಂದು ಮುಚ್ಚಿಹಾಕುತ್ತದೆ. ಗೆರೆಗಳು ಬಾಗಿದಂತೆ ಅಥವಾ ಅಳಿಸಿಹೋದಂತೆ ಕಂಡರೆ, ಮಿಂಟೋ ಆಸ್ಪತ್ರೆಯಾಗಲಿ ಹತ್ತಿರದ ಖಾಸಗಿ ಕಣ್ಣಾಸ್ಪತ್ರೆಯಾಗಲಿ, ತಡಮಾಡದೆ ರೆಟಿನಾ ತಜ್ಞರನ್ನು ಕಾಣಬೇಕು. ಪಾಪೆ ಹಿಗ್ಗಿಸುವ ಹನಿ ಹಾಕುವುದರಿಂದ ಸ್ಕೂಟರ್ ಓಡಿಸಿಕೊಂಡು ಹೋಗುವುದು ಬೇಡ.

ಅಕ್ಷಿಪಟಲದ ಪದರಗಳನ್ನು ಬೆಳಕಿನಿಂದ ಚಿತ್ರಿಸುವ ಓಸಿಟಿ ಸ್ಕ್ಯಾನ್ ಆದ ಮೇಲೆ ಕೇಳಬೇಕಾದ ಪ್ರಶ್ನೆ ಒಂದೇ: ಸವೆತ ಒಣ ಬಗೆಯದೋ, ಒದ್ದೆ ಬಗೆಯದೋ? ಒಣ ಬಗೆಯಾದರೆ ವಿಕಿರಣದ ಮಾತೇ ಇಲ್ಲ. ಒದ್ದೆ ಬಗೆಯಲ್ಲಿ ಅಕ್ಷಿಪಟಲದ ಅಡಿಯಲ್ಲಿ ಹೊಸ ರಕ್ತನಾಳಗಳು ಬೆಳೆದು ದ್ರವ ಸೋರುತ್ತದೆ; ಆ ಬೆಳವಣಿಗೆಯನ್ನು ತಡೆಯುವ ಔಷಧಿಯನ್ನು ಕಣ್ಣಿನೊಳಗೆ ಚುಚ್ಚಿ ಕೊಡುವುದೇ ಇಂದಿಗೂ ಮುಖ್ಯ ಚಿಕಿತ್ಸೆ. ಮತ್ತೆ ಮತ್ತೆ ಚುಚ್ಚಿಸಿಕೊಳ್ಳುವ ಬೇಸರ ಮತ್ತು ಖರ್ಚಿನಿಂದಲೇ ವಿಕಿರಣದ ವಿಚಾರ ಬರುವುದು.

ಇಲ್ಲಿ ಎರಡು ವಿಧಾನಗಳನ್ನು ಬೆರೆಸಿಕೊಳ್ಳಬಾರದು. ಶಸ್ತ್ರಚಿಕಿತ್ಸೆ ಮಾಡಿ, ವಿಕಿರಣ ಸೂಸುವ ಸ್ಟ್ರಾನ್ಷಿಯಂ-90 ಅನ್ನು ಮ್ಯಾಕ್ಯುಲಾದ ಬಳಿ ಹಿಡಿಯುವ ಹಳೆಯ ವಿಧಾನ ದೊಡ್ಡ ಪ್ರಯೋಗಗಳಲ್ಲಿ ಸೋತಿತು. ಈಗ ಚರ್ಚೆಯಲ್ಲಿರುವುದು ಹೊರಗಿನಿಂದ ಗುರಿಯಿಟ್ಟು ಕೊಡುವ ಸ್ಟೀರಿಯೊಟ್ಯಾಕ್ಟಿಕ್ ಚಿಕಿತ್ಸೆ. ಅರಿವಳಿಕೆ ಹನಿ ಹಾಕಿ, ಗಲ್ಲವನ್ನು ಆಸರೆಯ ಮೇಲಿಡಿಸಿ, ಕಣ್ಣು ಅಲುಗದಂತೆ ಹೀರಿ ಹಿಡಿಯುವ ಲೆನ್ಸ್ ಕೂರಿಸುತ್ತಾರೆ. ಬಳಿಕ ಕಡಿಮೆ ಶಕ್ತಿಯ ಎಕ್ಸ್-ರೇ ಕಿರಣಗಳನ್ನು ಒಂದಾದ ಮೇಲೊಂದರಂತೆ ಮೂರು ಕೋನಗಳಿಂದ, ಕಣ್ಣಿನ ಬಿಳಿಭಾಗದ ಮೂಲಕ ಹಾಯಿಸುತ್ತಾರೆ. ಅವು ಮ್ಯಾಕ್ಯುಲಾದ ಮೇಲೆ ಒಂದಾಗುತ್ತವೆ, ಕಣ್ಣಿನ ಮಸೂರಕ್ಕೂ ದೃಷ್ಟಿನರಕ್ಕೂ ಹೆಚ್ಚು ತಗಲುವುದಿಲ್ಲ. ಒಟ್ಟು ಪ್ರಮಾಣ 16 ಗ್ರೇ (ಗ್ರೇ ಎಂದರೆ ವಿಕಿರಣದ ಅಳತೆಮಾನ), ಅದೂ ಒಂದೇ ಸಲ.

ಫಲವೆಷ್ಟು? ಬ್ರಿಟನ್ನಿನಲ್ಲಿ 411 ರೋಗಿಗಳ ಮೇಲೆ ನಡೆದು 2024ರಲ್ಲಿ ಪ್ರಕಟವಾದ ಸ್ಟಾರ್ ಪ್ರಯೋಗದಲ್ಲಿ, ವಿಕಿರಣ ಪಡೆದವರಿಗೆ ಎರಡು ವರ್ಷಗಳಲ್ಲಿ ಸರಾಸರಿ 10.7 ಚುಚ್ಚುಮದ್ದು ಬೇಕಾದವು, ಪಡೆಯದವರಿಗೆ 13.3. ದೃಷ್ಟಿಯಲ್ಲಿ ವಿಕಿರಣ ಪಡೆದವರು ಹಿಂದೆ ಬೀಳಲಿಲ್ಲ. ಅಂದರೆ ಉಳಿತಾಯ ಎರಡು ಮೂರು ಸೂಜಿಗಳದು. ‘ಇನ್ನು ಚುಚ್ಚುಮದ್ದೇ ಬೇಡ’ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅದೇ ಪ್ರಯೋಗದಲ್ಲಿ ಅಕ್ಷಿಪಟಲದ ಸಣ್ಣ ರಕ್ತನಾಳಗಳ ಬದಲಾವಣೆ ವಿಕಿರಣ ಪಡೆದ ಕಣ್ಣುಗಳ ಶೇ 35ರಷ್ಟರಲ್ಲಿ ಕಂಡರೆ, ಪಡೆಯದವುಗಳಲ್ಲಿ ಶೇ 12ರಷ್ಟರಲ್ಲಿ ಕಂಡಿತು.

ಆದ್ದರಿಂದ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮೊದಲು ವೈದ್ಯರಿಗೆ ಸಕ್ಕರೆ ಕಾಯಿಲೆಯ ವಿವರ ಹೇಳಲೇಬೇಕು. ಅದರಿಂದ ರೆಟಿನಾ ಆಗಲೇ ಹಾಳಾಗಿದ್ದರೆ ಈ ಚಿಕಿತ್ಸೆ ತಕ್ಕುದಲ್ಲ. ಕೆಟ್ಟ ಭಾಗದ ಅಗಲವನ್ನೂ ಕೇಳಿ, ಏಕೆಂದರೆ ಕಿರಣ ಮುಟ್ಟುವುದು ಸುಮಾರು 4 ಮಿಲಿಮೀಟರ್ ವೃತ್ತವನ್ನಷ್ಟೇ. ವಿಕಿರಣದ ಹಾನಿ ನಿಧಾನವಾಗಿ, ಕೆಲವೊಮ್ಮೆ ವರ್ಷಗಳ ನಂತರ ತಲೆದೋರುವುದರಿಂದ, ಚಿಕಿತ್ಸೆಯ ದಿನಾಂಕ, ಪ್ರಮಾಣ ಮತ್ತು ಹಳೆಯ ಓಸಿಟಿ ಪ್ರತಿಗಳನ್ನು ಒಂದೇ ಫೈಲಿನಲ್ಲಿಟ್ಟು, ಆಸ್ಪತ್ರೆ ಬದಲಿಸಿದರೂ ಅದನ್ನು ಜೊತೆಗೆ ಒಯ್ಯಬೇಕು.